ನಾಟಕಕ್ಕೂ ಪಬ್‌ಗೂ ಒಂದೇ ಲೈಟ್ ಬೋರ್ಡ್: ನಾನು ಕೆಲಸ ಮಾಡುವ ರೀತಿ

ಬೆಂಗಳೂರಿನಲ್ಲಿ ನಾನು ಎರಡು ಥರದ ಲೈಟಿಂಗ್ ಮಾಡುತ್ತೇನೆ. ಒಂದು ನಾಟಕ, ಇನ್ನೊಂದು ಪಬ್ ಮತ್ತು ಬ್ಯಾಂಡ್ ಶೋ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಆರ್ಕೆಸ್ಟ್ರಾಗಳೂ ಸೇರಿಕೊಳ್ಳುತ್ತವೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲು ಕೇಳುವುದು, "ಅಣ್ಣಾ, ಯಾವ ಬೋರ್ಡ್ ಕಲೀಬೇಕು? ಅವೊಲೈಟ್ಸಾ, ಗ್ರ್ಯಾಂಡ್ ಎಂಎನಾ?" ಅಂತ. ಬೋರ್ಡ್ ಅಂದರೆ ಲೈಟ್‌ಗಳನ್ನೆಲ್ಲ ನಡೆಸುವ ಕನ್ಸೋಲ್, ಇವೆರಡೂ ಅದರ ಬ್ರ್ಯಾಂಡ್. ಯಾವುದಾದರೂ ಆದೀತು. ಶೋ ನಡೆಯುವಾಗ ಕಣ್ಣು ಸ್ಕ್ರೀನ್ ಬಿಟ್ಟು ಸ್ಟೇಜ್ ಮೇಲೆ ಇರಬೇಕು. ಅದಕ್ಕೆ ಬೇಕಾದ ತಯಾರಿಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ನನ್ನ ಕೆಲಸದ ಮುಕ್ಕಾಲು ಪಾಲು ಜನ ಒಳಗೆ ಬರುವ ಹೊತ್ತಿಗೆ ಮುಗಿದಿರುತ್ತದೆ.

ಶುರು ಮಾಡುವುದು ಪ್ಯಾಚ್‌ನಿಂದ, ಅಂದರೆ ಯಾವ ಲೈಟ್‌ಗೆ ಯಾವ ಚಾನೆಲ್ ಎಂದು ಬೋರ್ಡ್‌ಗೆ ಹೇಳುವುದರಿಂದ. ಬೋರ್ಡ್ ಹೇಳಿದ್ದನ್ನು ಲೈಟ್‌ಗಳಿಗೆ ತಲುಪಿಸುವ ಡಿಎಂಎಕ್ಸ್ ಪದ್ಧತಿಯಲ್ಲಿ ಒಂದು ಯೂನಿವರ್ಸ್ ಅಂದರೆ 512 ಚಾನೆಲ್. ಬೆಳಕು, ಬಣ್ಣ, ತಿರುಗುವುದು, ಹೀಗೆ ಲೈಟ್‌ನ ಒಂದೊಂದು ಕೆಲಸಕ್ಕೂ ಚಾನೆಲ್ ಬೇಕು. ಒಂದೊಂದು ಚಾನೆಲ್‌ಗೂ 0ಯಿಂದ 255ರವರೆಗೆ ಲೆವೆಲ್. 1986ರಲ್ಲಿ ಬಂದ ಪದ್ಧತಿ ಇದು, ಇವತ್ತಿಗೂ ಎಲ್ಲ ಕಡೆ ಇದೇ ನಡೆಯುತ್ತಿದೆ. "24 ಶಾರ್ಪಿ, 16 ಎಲ್‌ಇಡಿ ಪಾರ್ ಬರುತ್ತೆ" ಎಂದು ಲೈಟ್ ಕೊಡುವವರು ಫೋನ್ ಮಾಡಿದರೆ ನಾನು ತಕ್ಷಣ ಕೇಳುವುದು, "ಯಾವ ಮೋಡ್‌ನಲ್ಲಿ ಇಟ್ಟಿದ್ದೀರಿ?" ಅಂತ. ಶಾರ್ಪಿ ಅಂದರೆ ಚೂಪು ಕಿರಣದ, ತಲೆ ತಿರುಗಿಸುವ (ಮೂವಿಂಗ್ ಹೆಡ್) ಲೈಟ್; ಪಾರ್ ಒಂದೇ ಕಡೆ ನೋಡುವ ಲೈಟ್. ಒಂದು ಲೈಟ್ ಎಷ್ಟು ಚಾನೆಲ್ ತಿನ್ನುತ್ತದೆ ಅನ್ನುವುದು ಅದರ ಮೋಡ್ ಮೇಲೆ ನಿಂತಿದೆ. ಶಾರ್ಪಿ 16 ಚಾನೆಲ್ ಮೋಡ್‌ನಲ್ಲಿದ್ದರೆ 24ಕ್ಕೆ 384 ಚಾನೆಲ್. ಪಾರ್‌ಗೆ ತಲಾ 8 ಅಂದರೆ 128. ಎರಡೂ ಸೇರಿ ಸರಿಯಾಗಿ 512, ಒಂದೇ ಯೂನಿವರ್ಸ್‌ನಲ್ಲಿ ಮುಗಿಯಿತು. ಅದೇ ಶಾರ್ಪಿ 20 ಚಾನೆಲ್ ಮೋಡ್‌ನಲ್ಲಿದ್ದರೆ ಅವೇ 480 ತಿಂದುಬಿಡುತ್ತವೆ. ಉಳಿದದ್ದರಲ್ಲಿ ನಾಲ್ಕು ಪಾರ್ ಹಿಡಿಸಿದರೆ ಹೆಚ್ಚು. ಇನ್ನೊಂದು ಯೂನಿವರ್ಸ್ ಬೇಕು. ಈ ಲೆಕ್ಕ ಫೋನ್‌ನಲ್ಲೇ ಆಗಿಬಿಟ್ಟರೆ, ಲೈಟ್ ತೂಗುಹಾಕುವ ಚೌಕಟ್ಟಾದ ಟ್ರಸ್ ಮೇಲೆ ಹೋದಮೇಲೆ ಮತ್ತೆ ಇಳಿಸುವ ತಾಪತ್ರಯ ಇಲ್ಲ.

ಕೇಬಲ್ ವಿಷಯದಲ್ಲಿ ನಾನು ಬಿಗಿ. ಮೈಕ್ ಕೇಬಲ್‌ನಲ್ಲೂ ಸಿಗ್ನಲ್ ಹೋಗುತ್ತದೆ, ನಿಜ. ಆದರೆ ಅದು ಈ ಕೆಲಸಕ್ಕೆ ಮಾಡಿದ್ದಲ್ಲ. ಲೈನ್ ಉದ್ದವಾದಷ್ಟೂ ಸಿಗ್ನಲ್ ಕೆಡುತ್ತದೆ, ಕೊನೆಯ ಲೈಟುಗಳು ಸುಮ್ಸುಮ್ನೆ ಅಲುಗಾಡುತ್ತವೆ. ಕೊನೆಯ ಲೈಟ್‌ಗೆ ಸಿಗ್ನಲ್ ವಾಪಸ್ ಬಡಿಯದಂತೆ ತಡೆಯುವ 120 ಓಮ್‌ನ ಟರ್ಮಿನೇಟರ್ ಹಾಕುವುದನ್ನು ಬಿಡಬೇಡಿ. ಒಂದೇ ಲೈನ್‌ಗೆ 32ಕ್ಕಿಂತ ಜಾಸ್ತಿ ಲೈಟ್ ಕಟ್ಟಬೇಡಿ, ಲೈನನ್ನು ಕವಲಾಗಿಸುವ ಸ್ಪ್ಲಿಟರ್ ಹಾಕಿ.

ಆಮೇಲೆ ಪ್ಯಾಲೆಟ್. ಇಡೀ ಬೋರ್ಡಿನಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಪೊಸಿಷನ್, ಬಣ್ಣ, ಗೋಬೊ (ಬೆಳಕಿಗೆ ಚಿತ್ತಾರ ಕೊಡುವ ಅಚ್ಚು), ಹೀಗೆ ಒಂದೊಂದನ್ನೂ ಹೆಸರಿಟ್ಟು ಸೇವ್ ಮಾಡಿಕೊಳ್ಳುತ್ತೇನೆ. "ಸಿಂಗರ್", "ಡ್ರಮ್ಸ್", "ಜನರ ಮೇಲೆ", "ಮೇಲಕ್ಕೆ", "ಫ್ಯಾನ್ ಔಟ್". ಕ್ಯೂ, ಅಂದರೆ ಒಂದು ಹೊತ್ತಿಗೆ ಬೇಕಾದ ಬೆಳಕಿನ ಜೋಡಣೆ, ಮಾಡುವಾಗ ಲೈಟನ್ನು ಅಕ್ಕಪಕ್ಕ, ಮೇಲೆ ಕೆಳಗೆ ತಿರುಗಿಸುವ ಪ್ಯಾನ್ ಟಿಲ್ಟ್ ಚಕ್ರವನ್ನು ಮುಟ್ಟುವುದೇ ಇಲ್ಲ, ಪ್ಯಾಲೆಟ್ ಒತ್ತಿಯೇ ರೆಕಾರ್ಡ್ ಮಾಡುತ್ತೇನೆ. ಹಾಗಾಗಿ ಅದೇ ಶೋ ಮೈಸೂರಿಗೋ ಹುಬ್ಬಳ್ಳಿಗೋ ಹೋದಾಗ ಕ್ಯೂಗಳನ್ನು ಮತ್ತೆ ಮಾಡಬೇಕಿಲ್ಲ. ಅಲ್ಲಿನ ಸ್ಟೇಜ್ ಅಗಲ ಬೇರೆ, ಟ್ರಸ್ ಎತ್ತರ ಬೇರೆ. "ಸಿಂಗರ್" ಪೊಸಿಷನ್ ಒಂದನ್ನು ಸರಿಮಾಡಿದರೆ, ಅದನ್ನು ಬಳಸಿದ ಎಲ್ಲ ಕ್ಯೂಗಳೂ ತಾವಾಗಿ ಸರಿಹೋಗುತ್ತವೆ.

ಬಣ್ಣದ ಪ್ಯಾಲೆಟ್‌ಗೆ ಒಂದು ಉದಾಹರಣೆ ಕೊಡುತ್ತೇನೆ. ರಾಜ್ಯೋತ್ಸವಕ್ಕೆ ಅರಿಶಿನ, ಕುಂಕುಮದ ಬಣ್ಣ ಬೇಕೇ ಬೇಕು. ಎಲ್‌ಇಡಿ ಪಾರ್‌ನಲ್ಲಿ ಕೆಂಪು 255, ಹಸಿರು 255 ಕೊಟ್ಟರೆ ಪುಸ್ತಕದ ಲೆಕ್ಕಕ್ಕೆ ಹಳದಿ ಬರಬೇಕು. ಸ್ಟೇಜ್ ಮೇಲೆ ನೋಡಿದರೆ ಬಹಳಷ್ಟು ಪಾರ್‌ಗಳಲ್ಲಿ ನಿಂಬೆಕಾಯಿ ಹಸಿರಿನ ಕಡೆ ವಾಲಿರುತ್ತದೆ. ನಾನು ಕೆಂಪನ್ನು ಪೂರ್ತಿ ಇಟ್ಟು, ಹಸಿರನ್ನು 180ರ ಆಸುಪಾಸಿಗೆ ಇಳಿಸಿ, ಅಲ್ಲಿಂದ ಒಂದೊಂದೇ ಪಾಯಿಂಟ್ ಏರಿಸುತ್ತಾ ಹಿಂದಿನ ಬಿಳಿ ಪರದೆ ನೋಡುತ್ತೇನೆ. ಅರಿಶಿನ ಕಂಡ ಕಡೆ ನಿಲ್ಲಿಸಿ ರೆಕಾರ್ಡ್. ಬೇರೆ ಕಂಪನಿಯ ಪಾರ್ ಬಂದರೆ ನಂಬರ್ ಬೇರೆಯಾಗುತ್ತದೆ. ಅದಕ್ಕೇ ನಂಬರ್ ನೆನಪಿಟ್ಟುಕೊಳ್ಳುವುದಿಲ್ಲ, ಕಣ್ಣಲ್ಲಿ ನೋಡಿಯೇ ಮಾಡುತ್ತೇನೆ. ಮುಖದ ಮೇಲಿನ ಬೆಳಕನ್ನು ಮಾತ್ರ ಕೆಂಪು, ಹಸಿರು, ನೀಲಿ (ಆರ್‌ಜಿಬಿ) ಬೆರೆಸಿ ಮಾಡಬೇಡಿ. ಮೂರೂ ಬಣ್ಣ ಸೇರಿದ ಬಿಳಿಯಲ್ಲಿ ನಮ್ಮ ಮೈಬಣ್ಣ ಸತ್ತುಹೋಗುತ್ತದೆ, ಯಕ್ಷಗಾನದ ಮುಖವರ್ಣಿಕೆಯಂತೂ ಬೇರೆಯೇ ಆಗಿ ಕಾಣುತ್ತದೆ. 3200 ಕೆಲ್ವಿನ್ ಆಸುಪಾಸಿನ ವಾರ್ಮ್ ವೈಟ್, ಅಂದರೆ ತುಸು ಹಳದಿ ಛಾಯೆಯ ಬಿಳಿ, ಬೇಕು. ಹಳೆಯ ಹ್ಯಾಲೋಜನ್ ಸಿಕ್ಕರೆ ನನಗೆ ಹಬ್ಬ.

ನಾಟಕದ ಮಾತಿಗೆ ಬರೋಣ. ಅಲ್ಲಿ ಕ್ಯೂಗಳನ್ನು ಸಾಲಾಗಿ ಇಟ್ಟ ಕ್ಯೂ ಲಿಸ್ಟ್ ಇರುತ್ತದೆ, ಮುಂದಿನ ಕ್ಯೂಗೆ ಹೋಗುವ ಗೋ ಬಟನ್ ಇರುತ್ತದೆ. ಬಟನ್ ಒತ್ತುವುದು ಸುಲಭ, ಯಾವಾಗ ಒತ್ತಬೇಕು ಅನ್ನುವುದು ಕಷ್ಟ. ನಾನು ರಿಹರ್ಸಲ್‌ಗೆ ಹೋಗದೆ ನಾಟಕ ಒಪ್ಪುವುದಿಲ್ಲ. ರಂಗಶಂಕರದಂಥ ಕಡೆ ಪ್ರೇಕ್ಷಕರು ಸ್ಟೇಜಿನ ಮೂರು ಕಡೆಯೂ ಕೂತಿರುತ್ತಾರೆ. ಅಲ್ಲಿ ಸೈಡ್ ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಶೋ ಹೇಳಿದ ಹೊತ್ತಿಗೆ ಶುರುವಾಗಲೇಬೇಕು, ತಡವಾಗಿ ಬಂದವರನ್ನು ಬಿಡುವುದಿಲ್ಲ. ಸ್ಟೇಜ್ ಕೈಗೆ ಸಿಕ್ಕ ಮೇಲೆ ಕೂತು ಯೋಚನೆ ಮಾಡಲು ಅಲ್ಲಿ ಹೊತ್ತೇ ಇರುವುದಿಲ್ಲ.

ಒಂದು ಕ್ಯೂ ಹೇಗಿರುತ್ತದೆ ನೋಡಿ. ಅಜ್ಜಿ ಪಾತ್ರ ರಾತ್ರಿ ಲಾಟೀನು ಆರಿಸಿ ಮಲಗುತ್ತದೆ. ಲಾಟೀನಿನೊಳಗಿನ ಬಲ್ಬ್ ಅವಳ ಕೈ ತಿರುಗಿದ ಕ್ಷಣಕ್ಕೆ ಆರಬೇಕು, ಅದಕ್ಕೆ 0.3 ಸೆಕೆಂಡ್. ಅವಳ ಸುತ್ತಲಿನ ಹಳದಿ ಬೆಳಕಿಗೆ 2 ಸೆಕೆಂಡ್. ಕಿಟಕಿಯ ನೀಲಿ ಮಾತ್ರ 6 ಸೆಕೆಂಡ್ ತೆಗೆದುಕೊಂಡು ನಿಧಾನಕ್ಕೆ ಏರಬೇಕು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಹಾಗೆ. ಮೂರೂ ಒಂದೇ ಗೋಗೆ ಹೊರಡುತ್ತವೆ. ಲಾಟೀನಲ್ಲಿ ತಂತಿಯ ಬಲ್ಬ್ ಇದ್ದರೆ ಅದು ಕೆಂಪಾಗಿ ಆರಲು ಅರೆಗಳಿಗೆ ಬೇಕು, ಆದ್ದರಿಂದ ಅವಳ ಬೆರಳು ಕೀಲಿಗೆ ತಗುಲುವಾಗಲೇ ಒತ್ತುತ್ತೇನೆ. ಎಲ್‌ಇಡಿ ಆದರೆ ಕೈ ತಿರುಗಿದ ಮೇಲೆ. ಮಾತು ಕೇಳಿ ಒತ್ತಿದರೆ ಯಾವಾಗಲೂ ತಡವೇ. ನಟಿಯ ಕೈ, ಭುಜ, ಉಸಿರು ನೋಡುತ್ತಿರಬೇಕು.

ಎಲ್‌ಇಡಿಯ ಇನ್ನೊಂದು ತೊಂದರೆ ಬೆಳಕು ಮೆಲ್ಲಗೆ ಏರಿಳಿಯುವಾಗ (ಫೇಡ್) ಕಾಣುತ್ತದೆ. 20 ಪರ್ಸೆಂಟ್ ಅಂದರೆ 255ರಲ್ಲಿ 51. ಅದನ್ನು 10 ಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಿದರೆ ಸೆಕೆಂಡಿಗೆ ಐದೇ ಮೆಟ್ಟಿಲು. ಬೆಳಕು ಕುಪ್ಪಳಿಸುತ್ತಾ ಇಳಿಯುವುದು ಕೊನೆಯ ಸಾಲಿಗೂ ಕಾಣುತ್ತದೆ. ಲೈಟ್‌ನಲ್ಲಿ ಈ ಮೆಟ್ಟಿಲುಗಳನ್ನು ತೀರಾ ಸಣ್ಣದಾಗಿಸುವ 16 ಬಿಟ್ ಡಿಮ್ಮರ್ ಇರುವ ಮೋಡ್ ಇದ್ದರೆ ಅದನ್ನೇ ಹಾಕಿ, ಚಾನೆಲ್ ಒಂದು ಜಾಸ್ತಿ ಹೋದರೂ ಪರವಾಗಿಲ್ಲ. ಮೂವಿಂಗ್ ಹೆಡ್ ಇದ್ದರೆ ಅದು ಆರಿರುವಾಗಲೇ ಮುಂದಿನ ಜಾಗಕ್ಕೆ ತಿರುಗಿ ಕಾಯುವ ಹಾಗೆ ಹಿಂದಿನ ಕ್ಯೂನಲ್ಲೇ ಹೇಳಿಟ್ಟಿರಬೇಕು. ದುಃಖದ ಸೀನಿನಲ್ಲಿ ಬೆಳಕು ಗೋಡೆ ಮೇಲೆಲ್ಲ ಓಡಾಡಿಕೊಂಡು ಬಂದು ನಿಂತರೆ ನಟರ ಕಷ್ಟವೆಲ್ಲ ನೀರಲ್ಲಿ ಹೋಮ.

ಪಬ್‌ನಲ್ಲಿ ಕ್ಯೂ ಲಿಸ್ಟ್ ನಡೆಯುವುದಿಲ್ಲ. ಡಿಜೆ ಮುಂದೆ ಯಾವ ಹಾಡು ಹಾಕುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ಅಲ್ಲಿ ನಾನು ಬಣ್ಣ, ಓಡಾಟ, ಡಿಮ್ಮರ್ ಚೇಸ್ (ಲೈಟುಗಳು ಒಂದಾದಮೇಲೊಂದು ಹತ್ತಿ ಆರುವುದು) ಮೂರನ್ನೂ ಬೇರೆ ಬೇರೆ ಪ್ಲೇಬ್ಯಾಕ್‌ಗಳಲ್ಲಿ, ಅಂದರೆ ಬೋರ್ಡಿನ ಬೇರೆ ಬೇರೆ ಬಟನ್ ಮತ್ತು ಜಾರುಹಿಡಿಗಳಲ್ಲಿ, ಇಡುತ್ತೇನೆ. 6 ಬಣ್ಣ, 5 ಓಡಾಟ, 4 ಚೇಸ್ ಇಟ್ಟರೆ 120 ಥರ ಜೋಡಿಸಬಹುದು. ಒಂದರಲ್ಲೇ ಎಲ್ಲ ತುಂಬಿಟ್ಟರೆ ಅರ್ಧ ಗಂಟೆಗೇ ಸರಕು ಖಾಲಿ. ಹಾಡುವವರ ಮುಖದ ಬೆಳಕು ಮಾತ್ರ ತನ್ನದೇ ಜಾರುಹಿಡಿಯ (ಫೇಡರ್) ಮೇಲೆ, ಬೇರೆ ಯಾವ ಕ್ಯೂನಲ್ಲೂ ಅದನ್ನು ಸೇರಿಸುವುದಿಲ್ಲ.

ಹಾಡಿನ ತಾಳದ ಲೆಕ್ಕ ಇಟ್ಟುಕೊಳ್ಳುವುದು, ಬೀಟ್‌ಗೆ ತಟ್ಟಿ ಬೋರ್ಡ್‌ಗೆ ವೇಗ ಹೇಳುವ ಟ್ಯಾಪ್ ಟೆಂಪೋ ಬಟನ್‌ನಲ್ಲಿ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್) ಹಾಡಾದರೆ, ನಾಲ್ಕು ಬೀಟ್‌ಗೆ ಒಂದು ಬಾರ್‌ನಂತೆ, 16 ಬಾರ್‌ಗೆ ಸರಿಯಾಗಿ 30 ಸೆಕೆಂಡ್. ಬೀಟ್ ಜೋರಾಗಿ ಬಂದು ಬೀಳುವ ಡ್ರಾಪ್ ಎಲ್ಲಿ ಬರುತ್ತದೆ ಅನ್ನುವುದು ಕಿವಿಗೆ ಮೊದಲೇ ಗೊತ್ತಾಗುತ್ತದೆ. ಅದಕ್ಕೆ ಮೊದಲು ಹಾಡು ಏರುತ್ತಾ ಹೋಗುವ ಬಿಲ್ಡ್ ಅಪ್ ಶುರುವಾದಾಗ ಹೆಚ್ಚಿನವರು ಲೈಟ್ ಏರಿಸುತ್ತಾರೆ. ನಾನು ಇಳಿಸುತ್ತೇನೆ. ಕೊನೆಯ ಒಂದು ಬಾರ್ ಪೂರ್ತಿ ಕತ್ತಲೆ, ಡ್ರಾಪ್‌ಗೆ ಬ್ಲೈಂಡರ್ (ಜನರ ಕಡೆ ಹೊಡೆಯುವ ಜೋರು ಲೈಟ್) ಮತ್ತು ಬಿಳಿ. ಇದು ಕೆಲಸ ಮಾಡಬೇಕೆಂದರೆ ಅಲ್ಲಿಯವರೆಗೆ ಬಿಳಿಯನ್ನು ಕೂಡಿಡಬೇಕು. ಒಂದು ಹಾಡಿಗೆ ಎರಡೇ ಬಣ್ಣ ಸಾಕು. ಸ್ಟ್ರೋಬ್ ಒಂದೆರಡು ಸೆಕೆಂಡ್ ಹೊಡೆದು ಬಿಡುತ್ತೇನೆ. ಮಿಂಚುವ ಬೆಳಕಿಗೆ ಫಿಟ್ಸ್ ಬರುವವರು ಜನರ ನಡುವೆ ಇರಬಹುದು. ಬಾಗಿಲಲ್ಲಿ ಎಚ್ಚರಿಕೆಯ ಫಲಕ ಹಾಕಿಸಿ ಎಂದು ಮ್ಯಾನೇಜರ್‌ಗೆ ಮೊದಲೇ ಹೇಳುತ್ತೇನೆ. ಕಿರಣ ಕಾಣಲೆಂದು ತೆಳು ಹೊಗೆ (ಹೇಜ್) ಹಾಕುವ ಮೊದಲು ಸ್ಮೋಕ್ ಅಲಾರಂ ವಿಷಯವೂ ಅವರ ಹತ್ತಿರವೇ ಮಾತಾಡಬೇಕು.

ಬೋರ್ಡ್ ಕೈಗೆ ಸಿಗದವರು ಮನೆಯಲ್ಲೇ ಶುರು ಮಾಡಬಹುದು. ಮ್ಯಾಜಿಕ್‌ಕ್ಯೂ ಮತ್ತು ಗ್ರ್ಯಾಂಡ್ ಎಂಎ3ಯ ಕಂಪ್ಯೂಟರ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತವೆ, ಕ್ಯೂಎಲ್‌ಸಿ ಪ್ಲಸ್ ಕೂಡ ಪುಕ್ಕಟೆಯೇ. ಎಂಟು ಮೂವಿಂಗ್ ಹೆಡ್ ಪ್ಯಾಚ್ ಮಾಡಿ, ಹೆಸರಿಟ್ಟು ಪ್ಯಾಲೆಟ್ ಮಾಡಿ, ನಿಮಗೆ ಬಾಯಿಪಾಠ ಇರುವ ಒಂದು ಕನ್ನಡ ಹಾಡು ಹಾಕಿಕೊಳ್ಳಿ. ಪಲ್ಲವಿಗೆ ಒಂದು ಲುಕ್, ಚರಣಕ್ಕೆ ಒಂದು, ನಡುವಿನ ಮ್ಯೂಸಿಕ್‌ಗೆ ಒಂದು. ಅದನ್ನು ಎರಡು ಪೆನ್ ಡ್ರೈವ್‌ಗೆ ಸೇವ್ ಮಾಡಿಟ್ಟುಕೊಂಡು, ನಿಮ್ಮೂರಲ್ಲಿ ಶೋ ಮಾಡುವವರ ಹತ್ತಿರ ಹೋಗಿ "ನಿಮ್ಮ ಜೊತೆ ಬರಲಾ?" ಎಂದು ಕೇಳಿ. ಕೇಬಲ್ ಎಳೆಯಲು ಕೈ ಬೇಕೇ ಇರುತ್ತದೆ, ಬೇಡ ಅನ್ನುವವರು ಕಡಿಮೆ.