ಪಿಂಚಣಿ ಕಾಗದದಲ್ಲಿ ಅಜ್ಜಿಯ ಹುಟ್ಟಿದ ದಿನ

ಸೈನ್ಯದಲ್ಲಿ ನಾನು ಕ್ಲರ್ಕ್ ಆಗಿದ್ದೆ. ಸೈನಿಕನಿಗೆ ಮದುವೆಯಾದರೆ, ಮಗು ಹುಟ್ಟಿದರೆ, ಅದನ್ನು 'ಪಾರ್ಟ್ ಟೂ ಆರ್ಡರ್' ಎಂಬ ಕಾಗದದಲ್ಲಿ ದಾಖಲು ಮಾಡಬೇಕು. ವರ್ಷಗಟ್ಟಲೆ ಆ ಕಾಗದ ಟೈಪ್ ಮಾಡಿದ್ದೇನೆ. ಅದರಲ್ಲಿ ಒಂದು ಸಾಲು ಬಿಟ್ಟುಹೋದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತಿಯಾಗಿ ಚಳ್ಳಕೆರೆ ಕಡೆಯ ನಮ್ಮೂರಿಗೆ ಬಂದ ಮೇಲೆ.

ನಮ್ಮ ತಾಲ್ಲೂಕಿನಲ್ಲಿ ಡಿಫೆನ್ಸ್ ಅಂದರೆ ಜನರಿಗೆ ಥಟ್ಟನೆ ನೆನಪಾಗುವುದು ವರವು ಕಾವಲು. 2017ರಲ್ಲಿ ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರ ವಿಮಾನ ಪರೀಕ್ಷಾ ಕೇಂದ್ರ ಶುರುವಾಯಿತು. ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿಗೆ ಅದಕ್ಕೂ ಮೊದಲೇ ಬೇಲಿ ಬಿದ್ದಿತ್ತು. ಆ ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಗಿತ್ತು. ಅದು ದೊಡ್ಡ ಮಾತು, ಇನ್ನೊಮ್ಮೆ ಬರೆಯುತ್ತೇನೆ. ಆದರೆ ಮಗನನ್ನೋ ಗಂಡನನ್ನೋ ಸೈನ್ಯಕ್ಕೆ ಕಳಿಸಿದ ಮನೆಗೆ ರಕ್ಷಣಾ ಇಲಾಖೆ ಅಂದರೆ ತಿಂಗಳ ಪಿಂಚಣಿ, ಅಷ್ಟೇ.

ಮೊದಲು ಪಿಂಚಣಿ ಲೆಕ್ಕವನ್ನೆಲ್ಲ ಬ್ಯಾಂಕೇ ನೋಡುತ್ತಿತ್ತು. ಏನಾದರೂ ಎಡವಟ್ಟಾದರೆ ಪರಿಚಯದ ಕ್ಯಾಷಿಯರ್ ಮುಂದೆ ಹೋಗಿ ನಿಲ್ಲಬಹುದಿತ್ತು. ಈಗ 'ಸ್ಪರ್ಶ್' ಎಂಬ ರಕ್ಷಣಾ ಇಲಾಖೆಯದೇ ಆನ್‌ಲೈನ್ ಪಿಂಚಣಿ ವ್ಯವಸ್ಥೆ ಬಂದಿದೆ. ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಕಚೇರಿಯಿಂದ ನೇರ ಖಾತೆಗೆ ಹಣ. ವ್ಯವಸ್ಥೆ ಒಳ್ಳೆಯದೇ. ಆದರೆ ಬದಲಾಗುವಾಗ ಪೆಟ್ಟು ಬಿದ್ದದ್ದು ಮುದುಕರಿಗೆ. ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರ ದಾಖಲಾಗಿಲ್ಲ ಎಂದು 2022ರ ಏಪ್ರಿಲ್ ಪಿಂಚಣಿ ದೇಶದಲ್ಲಿ 58,275 ಜನರಿಗೆ ಸಮಯಕ್ಕೆ ಬರಲಿಲ್ಲ. ಆಮೇಲೆ ಸಚಿವಾಲಯ ವಿನಾಯಿತಿ ಕೊಟ್ಟು ಹಾಕಿತು. ಆ ವರ್ಷದಿಂದ ನಾನು ನವೆಂಬರ್‌ನಲ್ಲಿ ನಮ್ಮನೆ ಜಗಲಿ ಮೇಲೆ ಫೋನ್ ಹಿಡಿದು ಕೂರುತ್ತೇನೆ. ಸುತ್ತಲಿನ ಹಳ್ಳಿಯವರು ಬರುತ್ತಾರೆ.

ಮೊದಲ ತೊಡಕು ಬೆರಳು. ಜೀವನವಿಡೀ ಶೇಂಗಾ ಬಿಡಿಸಿದ ಕೈಗಳು ಇವು. ಗೆರೆ ಸವೆದು ಹೋಗಿರುತ್ತವೆ, ಯಂತ್ರ ಓದುವುದಿಲ್ಲ. ಅದಕ್ಕೆ ಮುಖ ತೋರಿಸಿ ಮಾಡುವ ಜೀವನ್ ಪ್ರಮಾಣ್ ಆ್ಯಪ್ ಹಿಡಿದೆ. ಬಿಸಿಲಿಗೆ ಬೆನ್ನು ಮಾಡಿ ಕೂರಿಸಬಾರದು. ಖಾಲಿ ಗೋಡೆ ಮುಂದೆ, ನೆರಳಲ್ಲಿ ಕೂರಿಸಬೇಕು. 'ಕಣ್ಣು ಮಿಟುಕಿಸಿ' ಅಂದರೆ ಅಜ್ಜಿಯಂದಿರು ದೇವರ ಮುಂದೆ ನಿಂತ ಹಾಗೆ ಕಣ್ಣು ಮುಚ್ಚಿಬಿಡುತ್ತಾರೆ. 'ಕಣ್ಣಿಗೆ ಧೂಳು ಬಿದ್ದರೆ ಹೆಂಗ್ ಮಾಡ್ತೀಯವ್ವಾ?' ಅಂತ ಕೇಳಿದರೆ ಸರಿಯಾಗಿ ಮಾಡುತ್ತಾರೆ. ಇನ್ನೊಂದು ಮುಖ್ಯ ವಿಷಯ. ಪಿಂಚಣಿ ಕೊಡುವವರು ಯಾರು ಎಂಬ ಜಾಗದಲ್ಲಿ ಹಳೇ ಬ್ಯಾಂಕಿನ ಹೆಸರು ಹಾಕಬೇಡಿ, ಸ್ಪರ್ಶ್ ಆರಿಸಿ. ತಪ್ಪಾದರೆ ಪ್ರಮಾಣಪತ್ರ ಬೇರೆಲ್ಲೋ ಹೋಗುತ್ತದೆ, ಪಿಂಚಣಿ ನಿಲ್ಲುತ್ತದೆ.

2023ರಲ್ಲಿ ಒಬ್ಬ ಅಜ್ಜಿ ಬಂದರು. ಗಂಡ ಸ್ಯಾಪರ್, ಅಂದರೆ ಸೈನ್ಯದ ಎಂಜಿನಿಯರ್ ದಳದ ಸೈನಿಕ ಆಗಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಪ್ಲಾಸ್ಟಿಕ್ ಕವರಿನಿಂದ ಪಿಪಿಒ, ಅಂದರೆ ಪಿಂಚಣಿ ಮಂಜೂರು ಮಾಡಿದ ಆದೇಶದ ಕಾಗದ ತೆಗೆದರು. ಮಡಿಕೆಯ ಕಡೆ ಹರಿದು ಹೋಗಿತ್ತು, ಅನ್ನದಿಂದ ಅಂಟಿಸಿದ್ದರು. ಆಧಾರ್ ಪ್ರಕಾರ ಅವರು ಹುಟ್ಟಿದ್ದು 1941ರ ಜನವರಿ 1. ಅಂದರೆ 2021ರ ಜನವರಿಗೇ 80 ತುಂಬಿದೆ. ಆದರೆ ಪಿಪಿಒದಲ್ಲಿ ಅವರ ಹೆಸರು ಬಿಟ್ಟರೆ ಹುಟ್ಟಿದ ದಿನಾಂಕವೇ ಇಲ್ಲ!

80 ತುಂಬಿದ ತಿಂಗಳಿನಿಂದ ಮೂಲ ಪಿಂಚಣಿಯ ಶೇ. 20ರಷ್ಟು ಜಾಸ್ತಿ ಸಿಗಬೇಕು. 85ಕ್ಕೆ ಶೇ. 30, 90ಕ್ಕೆ ಶೇ. 40, ಹೀಗೆ ಏರುತ್ತದೆ. ಕನಿಷ್ಠ 9,000 ರೂಪಾಯಿ ಅಂದುಕೊಂಡರೂ ತಿಂಗಳಿಗೆ 1,800, ಮೇಲೆ ತುಟ್ಟಿಭತ್ಯೆ. ಅಜ್ಜಿಯ ಮಾತ್ರೆ ಖರ್ಚು ಅದರಲ್ಲೇ ಕಳೆಯುತ್ತದೆ, ಅಲ್ವಾ? ದಿನಾಂಕ ಇಲ್ಲದೆ ಕಂಪ್ಯೂಟರಿಗೆ ಅವರ ವಯಸ್ಸು ಗೊತ್ತಾಗುವುದು ಹೇಗೆ? ಎಂದೋ ಯಾರೋ ನನ್ನಂಥ ಕ್ಲರ್ಕ್ ಆ ಜಾಗ ಖಾಲಿ ಬಿಟ್ಟಿದ್ದಾರೆ. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ಅರ್ಜಿ ಬರೆದೆ. ಪಿಪಿಒ, ಆಧಾರ್, ಮತದಾರರ ಚೀಟಿ, ಗಂಡನ ಡಿಸ್ಚಾರ್ಜ್ ಬುಕ್ಕು, ಎಲ್ಲದರ ದೃಢೀಕರಿಸಿದ ಪ್ರತಿ ಸೇರಿಸಿ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಒಂದು ಕಡೆ ಅಜ್ಜಿಯ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು 'ಎ', ಇನ್ನೊಂದು ಕಡೆ ಎರಡು. ಅಷ್ಟಕ್ಕೇ ವಾಪಸ್ ಬಂತು. ಅಫಿಡವಿಟ್ ಮಾಡಿಸಿ ಮತ್ತೆ ಕಳಿಸಿದೆವು. ಮೊದಲ ಸಲ ಅರ್ಜಿ ವಾಪಸ್ ಬಂದಾಗ ಜೊತೆಗಿದ್ದ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಅಜ್ಜಿ ಎರಡು ವಾರ ದೇವರ ಫೋಟೋ ಹಿಂದೆ ಇಟ್ಟಿದ್ದರು, ಮಂಜೂರಾಗಿದೆ ಅಂದುಕೊಂಡು. ಇಂಥ ಪತ್ರದ ಜೊತೆ ಕನ್ನಡದಲ್ಲಿ ನಾಲ್ಕು ಸಾಲು ಇರಲೇಬೇಕು. ಗಡಿಗೆ ಮಗನನ್ನು ಕಳಿಸಲು ಈ ಮನೆಗಳಿಗೆ ಇಂಗ್ಲಿಷ್ ಬೇಕಾಗಿರಲಿಲ್ಲ.

ಒಂಬತ್ತನೇ ತಿಂಗಳಿಗೆ ಬಾಕಿ ಸಮೇತ ಹಣ ಬಂತು. ಅಜ್ಜಿ ಪಾಸ್‌ಬುಕ್ ತಂದು ನನ್ನ ಮುಂದಿಟ್ಟು, 'ಇದು ಅವರದೇ ದುಡ್ಡಾ?' ಅಂತ ಕೇಳಿದರು. ಹೌದು ಅಂದೆ.

ಈಗ ರಜೆಗೆ ಊರಿಗೆ ಬರುವ ಹುಡುಗರನ್ನೆಲ್ಲ ಹಿಡಿದು ಕೇಳುತ್ತೇನೆ: ಹೆಂಡತಿ ಹೆಸರು, ಹುಟ್ಟಿದ ದಿನಾಂಕ ಪಾರ್ಟ್ ಟೂ ಆರ್ಡರ್‌ನಲ್ಲಿ ಆಧಾರ್ ಇದ್ದ ಹಾಗೇ ಇದೆಯಾ? ಯೂನಿಟ್‌ನಲ್ಲಿ ಇರುವಾಗ ಸರಿ ಮಾಡಿಸುವುದು ಸುಲಭ. ಹೋದ ತಿಂಗಳು ಒಬ್ಬ ಹುಡುಗ ನೋಡಿದಾಗ ಹೆಂಡತಿಯ ಹುಟ್ಟಿದ ವರ್ಷವೇ ತಪ್ಪಾಗಿತ್ತು. ಆಧಾರ್ ಜೆರಾಕ್ಸ್ ಬ್ಯಾಗಿನಲ್ಲಿಟ್ಟುಕೊಂಡು ಡ್ಯೂಟಿಗೆ ಹೋಗಿದ್ದಾನೆ.