ಹನ್‌ಬೊಕ್ ತೊಟ್ಟು ಜೊಸೊನ್ ಅರಮನೆ ಸುತ್ತಿದ್ದು

ಸಿಯೋಲ್‌ಗೆ ಹೋದವರು ಕೊರಿಯಾದ ಸಾಂಪ್ರದಾಯಿಕ ಉಡುಗೆ ಹನ್‌ಬೊಕ್ ಬಾಡಿಗೆಗೆ ತಗೊಂಡು ಅರಮನೆ ಮುಂದೆ ಫೋಟೋ ತೆಗೆಸಿಕೊಳ್ಳುವುದು ಈಗ ಮಾಮೂಲು. ಅದರಲ್ಲಿ ತಪ್ಪೇನಿಲ್ಲ. ಆದರೆ ಬಟ್ಟೆ ತೊಟ್ಟು ಅರ್ಧ ಗಂಟೆ ಫೋಟೋ ತೆಗೆದು ವಾಪಸ್ ಕೊಡುವುದಾದರೆ ದುಡ್ಡು ದಂಡ ಅನ್ನುವುದು ನನ್ನ ಅಭಿಪ್ರಾಯ. ಅದೇ ಬಟ್ಟೆಯಲ್ಲಿ, ವಿಷಯ ಗೊತ್ತಿರುವ ಗೈಡ್ ಒಬ್ಬರ ಹಿಂದೆ ಎರಡು ಮೂರು ಗಂಟೆ ನಡೆದು ನೋಡಿ. ಆ ಅಂಗಳ, ಆ ಮೆಟ್ಟಿಲು, ಆ ಕೋಣೆ ಎಲ್ಲವೂ ಈ ಬಟ್ಟೆ ಹಾಕಿಕೊಂಡವರಿಗಾಗಿಯೇ ಕಟ್ಟಿದ್ದು ಅಂತ ಮೈಗೇ ಗೊತ್ತಾಗುತ್ತದೆ.

ನಮ್ಮನೆಯವರು ಆಫೀಸ್ ಕೆಲಸದ ಮೇಲೆ ಸಿಯೋಲ್ ಹತ್ತಿರದ ಸುವೊನ್‌ನಲ್ಲಿದ್ದರು. ಅಕ್ಟೋಬರ್‌ನಲ್ಲಿ ನಾನೂ ಅತ್ತೆಯೂ ಹೋದೆವು. ಅತ್ತೆ ಟೀವಿಯಲ್ಲಿ ಕನ್ನಡಕ್ಕೆ ಡಬ್ ಆದ ಕೊರಿಯನ್ ಧಾರಾವಾಹಿ ನೋಡುವವರು. ಜೊಸೊನ್ ರಾಜರ ಗ್ಯೊಂಗ್‌ಬೊಕ್‌ಗುಂಗ್ ಅರಮನೆ ಅಂದ ತಕ್ಷಣ ನಮಗಿಂತ ಮೊದಲು ರೆಡಿ.

ಗೈಡ್ ಹುಡುಕುವುದು ಕಷ್ಟವಲ್ಲ. ಸಿಯೋಲ್ ನಗರದ ಕಡೆಯಿಂದಲೇ ಉಚಿತ ವಾಕಿಂಗ್ ಟೂರ್‌ಗಳಿವೆ. ಸ್ವಯಂಸೇವಕರು ನಡೆಸುತ್ತಾರೆ, ಇಂಗ್ಲಿಷ್‌ನಲ್ಲಿ ಹೇಳುವವರೂ ಸಿಗುತ್ತಾರೆ. ಕೆಲವು ದಿನ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು ಅಷ್ಟೇ. ಅರಮನೆಯೊಳಗೂ ದಿನಕ್ಕೆ ಕೆಲವು ಸಲ ಇಂಗ್ಲಿಷ್ ಟೂರ್ ಇರುತ್ತದೆ. ನಾವು ನಗರದ ಟೂರ್ ಹಿಡಿದೆವು. ನಮ್ಮ ಗೈಡ್ ನಿವೃತ್ತ ಟೀಚರ್. ಸಣ್ಣ ದನಿ, ಚುರುಕು ನಡಿಗೆ. ಅತ್ತೆಗೆ ಮಾತ್ರ ನಾನು ಪಕ್ಕದಲ್ಲೇ ಕನ್ನಡದಲ್ಲಿ ಹೇಳುತ್ತಾ ಹೋದೆ.

ಬಟ್ಟೆ ಅಂಗಡಿಗಳು ಗ್ಯೊಂಗ್‌ಬೊಕ್‌ಗುಂಗ್ ಮೆಟ್ರೋ ನಿಲ್ದಾಣದ ಸುತ್ತ ಸಾಲಾಗಿವೆ. ಎರಡು ಗಂಟೆಗೆ ಇಷ್ಟು, ನಾಲ್ಕು ಗಂಟೆಗೆ ಇಷ್ಟು, ಇಡೀ ದಿನಕ್ಕೆ ಇಷ್ಟು ಅಂತ ದರ. ಟೂರ್ ಇದ್ದರೆ ನಾಲ್ಕು ಗಂಟೆಯದ್ದೇ ಸರಿ. ಬಟ್ಟೆ ಆರಿಸಿ, ತೊಟ್ಟು, ಜಡೆ ಹಾಕಿಸಿಕೊಳ್ಳುವುದಕ್ಕೇ ಮುಕ್ಕಾಲು ಗಂಟೆ ಹೋಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಬಾಡಿಗೆ ಅಂಗಡಿಯಲ್ಲಿ ಜಾಸ್ತಿ ಕಾಣುವುದು ಥಳಕಿನ ಹನ್‌ಬೊಕ್. ಲೇಸು, ಮಿಂಚು, ಬೆನ್ನ ಮೇಲೆ ದೊಡ್ಡ ಬೋ, ಒಳಗೆ ಬಳೆಯಂತೆ ಗುಂಡಗಿರುವ ತಂತಿಯ ಲಂಗ. ಇದು ಹಳೆಯ ಉಡುಗೆಯೇ ಅಲ್ಲ ಅಂತ ಕೊರಿಯಾದಲ್ಲೇ ಜಗಳವಿದೆ. 2024ರಲ್ಲಿ ಅಲ್ಲಿನ ಪರಂಪರೆ ಇಲಾಖೆಯ ಮುಖ್ಯಸ್ಥರೂ ಅರಮನೆ ಸುತ್ತಲಿನ ಬಾಡಿಗೆ ಹನ್‌ಬೊಕ್ ಬಗ್ಗೆ ಬೇಸರ ತೋಡಿಕೊಂಡಿದ್ದರು. ನಾನು ಅಷ್ಟು ಕಟ್ಟುನಿಟ್ಟಿನವಳಲ್ಲ. ಆದರೆ ನಡೆಯಬೇಕು ಅಂದರೆ ತಂತಿ ಲಂಗ ಬೇಡ. 'ಸಾಂಪ್ರದಾಯಿಕದ್ದು ತೋರಿಸಿ' ಅಂತ ಕೇಳಿದರೆ ಒಳಗಿನ ರ‍್ಯಾಕ್‌ನಿಂದ ತೆಗೆದುಕೊಡುತ್ತಾರೆ.

ಹೆಂಗಸರದ್ದು ಎರಡು ಮುಖ್ಯ ಭಾಗ. ಮೇಲೆ ಜೊಗೊರಿ ಅನ್ನುವ ಗಿಡ್ಡನೆಯ ಅಂಗಿ, ಕೆಳಗೆ ಎದೆಯ ಮಟ್ಟದಿಂದಲೇ ಇಳಿಯುವ ಲಂಗ, ಅಂದರೆ ಛಿಮಾ. ಛಿಮಾ ಕಟ್ಟುವುದು ಸೊಂಟಕ್ಕಲ್ಲ, ಎದೆಗೆ. ಮೊದಲ ಹತ್ತು ನಿಮಿಷ ಉಸಿರು ಬಿಗಿ ಅನ್ನಿಸಿತು. ಆಮೇಲೆ ಹೊಟ್ಟೆಯ ಮೇಲೆ ಯಾವ ಬಿಗಿತವೂ ಇಲ್ಲ ಅಂತ ಗೊತ್ತಾಯಿತು. ಜೊಗೊರಿಯ ಎಡಸೆರಗು ಬಲಸೆರಗಿನ ಮೇಲೆ ಬರಬೇಕು. ಮುಂದೆ ಗೊರುಮ್ ಅನ್ನುವ ಎರಡು ಉದ್ದ ಪಟ್ಟಿಗಳು. ಅವನ್ನು ಒಂದೇ ಕುಣಿಕೆ ಬರುವಂತೆ ಕಟ್ಟುತ್ತಾರೆ. ಅಂಗಡಿಯ ಹುಡುಗಿ ಕಟ್ಟುವಾಗ ಫೋನ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ, ದಾರಿಯಲ್ಲಿ ಬಿಚ್ಚಿಹೋಗುತ್ತದೆ.

ಅತ್ತೆ ಆರಿಸಿಕೊಂಡದ್ದು ಹಸಿರು ದಾಂಗುಯಿ. ಜೊಗೊರಿಯ ಮೇಲೆ ತೊಡುವ ಉದ್ದನೆಯ ಮೇಲಂಗಿ, ಅಂಚು ಬಿಲ್ಲಿನಂತೆ ಬಾಗಿರುತ್ತದೆ. ಅರಮನೆಯ ಹೆಂಗಸರು ತೊಡುತ್ತಿದ್ದದ್ದು. ಕನ್ನಡಿ ಮುಂದೆ ನಿಂತು, "ಸೀರೆ ನೆರಿಗೆ ಹಿಡಿದ ಕೈಗೆ ಇದೇನು ಮಹಾ ಬಿಡಮ್ಮಾ" ಅಂದು ಎಡಗೈಯಲ್ಲಿ ಲಂಗ ಎತ್ತಿಕೊಂಡು ನಡೆದೇಬಿಟ್ಟರು. ನಮ್ಮನೆಯವರಿಗೆ ಅಂಗಡಿಯವರು ಚಿನ್ನದ ಡ್ರ್ಯಾಗನ್ ಇರುವ ರಾಜನ ನಿಲುವಂಗಿ ತೋರಿಸಿದರು. ಅವರಿಗೆ ನಾಚಿಕೆ. ಎದೆಯ ಮೇಲೆ ಜೋಡಿ ಕೊಕ್ಕರೆಯ ಕಸೂತಿ ಪಟ್ಟಿ ಇದ್ದ ಕೆಂಪು ಅಂಗಿ ತಗೊಂಡರು. ತಲೆಗೆ ಎರಡು ಕಡೆ ರೆಕ್ಕೆಯಿರುವ ಕಪ್ಪು ಟೋಪಿ.

ಹನ್‌ಬೊಕ್‌ಗೆ ಜೇಬಿಲ್ಲ. ಪಾಸ್‌ಪೋರ್ಟ್, ಫೋನ್ ಇಡಲು ಅಂಗಡಿಯವರೇ ಪುಟ್ಟ ಚೀಲ ಕೊಡುತ್ತಾರೆ. ಕಾಲಿಗೆ ನಿಮ್ಮದೇ ಮೆತ್ತನೆಯ ಶೂ ಇರಲಿ, ಲಂಗದ ಕೆಳಗೆ ಯಾರಿಗೂ ಕಾಣುವುದಿಲ್ಲ.

ಹನ್‌ಬೊಕ್ ತೊಟ್ಟವರಿಗೆ ಅರಮನೆಗೆ ಟಿಕೆಟ್ ಇಲ್ಲ. ಇಲ್ಲದಿದ್ದರೆ 3,000 ವೊನ್. ಮೇಲಿನದು ಕೆಳಗಿನದು ಎರಡೂ ಹನ್‌ಬೊಕ್ ಆಗಿರಬೇಕು. ಜೀನ್ಸ್ ಮೇಲೆ ಜೊಗೊರಿ ಹಾಕಿ ಹೋದರೆ ನಡೆಯುವುದಿಲ್ಲ.

ಮುಖ್ಯ ದ್ವಾರ ಗ್ವಾಂಗ್‌ಹ್ವಾಮುನ್. ಬೆಳಗ್ಗೆ 10 ಗಂಟೆಗೆ ಕಾವಲುಗಾರರ ಪಾಳಿ ಬದಲಾಗುವ ಮೆರವಣಿಗೆ ನಡೆಯುತ್ತದೆ. ಡೊಳ್ಳು, ಬಾವುಟ, ಬಣ್ಣಬಣ್ಣದ ಅಂಗಿ. ಅದು ಮುಗಿಯುವ ಹೊತ್ತಿಗೆ ಗೈಡ್ ನಮ್ಮನ್ನು ದ್ವಾರದ ಮುಂದಿನ ಕಲ್ಲಿನ ಜಗಲಿಗೆ ಕರೆದುಕೊಂಡು ಹೋದರು. ಇದರ ಹೆಸರು ವೊಲ್‌ದೆ. ಜಪಾನೀಯರ ಕಾಲದಲ್ಲಿ ಟ್ರಾಮ್ ಹಳಿ ಹಾಕುವಾಗ ಮುಚ್ಚಿಹೋಗಿತ್ತು. ಮತ್ತೆ ಕಟ್ಟಿ ತೆರೆದದ್ದು 2023ರ ಅಕ್ಟೋಬರ್‌ನಲ್ಲಿ. ಕಪ್ಪು ಹಲಗೆಯ ಮೇಲೆ ಚಿನ್ನದ ಅಕ್ಷರದ ಫಲಕವೂ ಆಗಲೇ ಬಂದದ್ದು.

ನೀವು ಹಳೆಯ ಅರಮನೆ ನೋಡಲು ಬಂದಿದ್ದೀರಿ, ಆದರೆ ಇಲ್ಲಿ ಹಳೆಯದು ಕಡಿಮೆ. ಗೈಡ್ ಇದನ್ನು ಮೊದಲೇ ಹೇಳಿಬಿಟ್ಟರು. ಜೊಸೊನ್ ರಾಜವಂಶ ಶುರುವಾದದ್ದು 1392ರಲ್ಲಿ, ಅರಮನೆ ಕಟ್ಟಿದ್ದು 1395ರಲ್ಲಿ. 1592ರಲ್ಲಿ ಜಪಾನ್ ದಂಡೆತ್ತಿ ಬಂದಾಗ ಸುಟ್ಟುಹೋಯಿತು. ಆಮೇಲೆ ಸುಮಾರು 270 ವರ್ಷ ಪಾಳು. 1860ರ ದಶಕದಲ್ಲಿ ರಾಜ ಗೊಜೊಂಗ್‌ನ ತಂದೆ ಮತ್ತೆ ಕಟ್ಟಿಸಿದರು. 1910ರಲ್ಲಿ ದೇಶ ಜಪಾನ್ ಕೈಗೆ ಹೋದ ಮೇಲೆ ಹೆಚ್ಚಿನ ಕಟ್ಟಡಗಳನ್ನು ಕೆಡವಿದರು. 1926ರಲ್ಲಿ ಸಿಂಹಾಸನದ ಮನೆಗೆ ಅಡ್ಡವಾಗಿ ವಸಾಹತು ಸರ್ಕಾರದ ಭಾರಿ ಕಟ್ಟಡ ಎದ್ದಿತು. ಅದನ್ನು ಒಡೆಯಲು ಕೈಹಾಕಿದ್ದು 1995ರಲ್ಲಿ. ಈಗ ಕಾಣುವುದರಲ್ಲಿ ಬಹುಪಾಲು 1990ರ ನಂತರದ ಕೆಲಸ. ಕೇಳಿ ನನಗೆ ನಿರಾಸೆಯೇನೂ ಆಗಲಿಲ್ಲ. ಇಷ್ಟು ಹಟ ಹಿಡಿದು ಕಟ್ಟಿದ್ದಾರಲ್ಲ ಅನ್ನಿಸಿತು.

ಟೂರ್‌ನ ಜೀವಾಳ ಇದ್ದದ್ದು ಗುನ್‌ಜೊಂಗ್‌ಜೊನ್ ಅಂಗಳದಲ್ಲಿ. ಇದು ಸಿಂಹಾಸನದ ಮನೆ, 1867ರದ್ದು. ಜಪಾನೀಯರು ಕೆಡವದೆ ಉಳಿಸಿದ ಕೆಲವೇ ಕಟ್ಟಡಗಳಲ್ಲಿ ಒಂದು. ಅಂಗಳದ ತುಂಬ ಒರಟು ಗ್ರಾನೈಟ್ ಚಪ್ಪಡಿ. ಯಾಕೆ ನಯ ಮಾಡಿಲ್ಲ? ನಯವಾಗಿದ್ದರೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮಳೆಯಲ್ಲಿ ಕಾಲು ಜಾರುತ್ತಿತ್ತು. ಉತ್ತರದಿಂದ ದಕ್ಷಿಣಕ್ಕೆ ಅಂಗಳ ಸಣ್ಣಗೆ ಇಳಿಜಾರು, ನೀರು ತಾನಾಗಿ ಹರಿದುಹೋಗಲಿ ಅಂತ. ಚಪ್ಪಡಿಯಲ್ಲಿ ಅಲ್ಲಲ್ಲಿ ಕಬ್ಬಿಣದ ಬಳೆಗಳಿವೆ, ಚಪ್ಪರದ ಹಗ್ಗ ಕಟ್ಟಲು. ನಡುವೆ ಮೂರು ಪಟ್ಟಿಯ ಕಲ್ಲುದಾರಿ. ಮಧ್ಯದ ಎತ್ತರದ ಪಟ್ಟಿ ರಾಜನಿಗೆ ಮಾತ್ರ. ದಾರಿಯ ಎರಡೂ ಬದಿಗೆ ಗಿಡ್ಡ ಕಲ್ಲುಕಂಬಗಳ ಸಾಲು, ಒಂದೊಂದು ಕಡೆ 12. ಅಧಿಕಾರಿಗಳ ದರ್ಜೆ ಕೆತ್ತಿದ ಗುರುತು ಕಲ್ಲುಗಳು ಅವು. ಸಿಂಹಾಸನಕ್ಕೆ ಹತ್ತಿರದ್ದು ಒಂದನೇ ದರ್ಜೆ, ದೂರದ್ದು ಒಂಬತ್ತನೇ ದರ್ಜೆ.

ಗೈಡ್ ನಮ್ಮನೆಯವರ ಎದೆ ಕಡೆ ನೋಡಿ ನಕ್ಕರು. "ಕೊಕ್ಕರೆ ಅಂದರೆ ನೀವು ಆಡಳಿತದವರು. ಪೂರ್ವದ ಸಾಲಿಗೆ ಹೋಗಿ. ಹುಲಿ ಇದ್ದಿದ್ದರೆ ಸೈನ್ಯದವರು, ಪಶ್ಚಿಮಕ್ಕೆ ನಿಲ್ಲಿಸುತ್ತಿದ್ದೆ." ಸಿಂಹಾಸನಕ್ಕೆ ಮುಖ ಮಾಡಿ ನಿಂತರೆ ಬಲಗಡೆ ಪೂರ್ವ. "ಒಂದು ಕೊಕ್ಕರೆಯಾದರೆ ಕಿರಿಯರು, ಎರಡಾದರೆ ಹಿರಿಯರು. ಮೂರನೇ ದರ್ಜೆಯ ಕಲ್ಲಿನಿಂದ ಮುಂದಕ್ಕೆ ಎಲ್ಲಿ ಬೇಕಾದರೂ ನಿಲ್ಲಿ." ಅವರು ಹೋಗಿ ಮೂರನೇ ದರ್ಜೆಯ ಕಲ್ಲಿನ ಪಕ್ಕ ನಿಂತರು. ಅತ್ತೆ ಬಿಡಲಿಲ್ಲ. "ಇನ್ನೂ ಮುಂದೆ ಹೋಗೋ, ಯಾರು ಕೇಳ್ತಾರೆ!"

ಅಲ್ಲಿ ನಿಂತಾಗ ನನಗೆ ಹೊಳೆದದ್ದು ಇದು. ಆ ಅಂಗಳದಲ್ಲಿ ಯಾರೂ ಯಾರ ಹುದ್ದೆಯನ್ನೂ ಕೇಳಬೇಕಿರಲಿಲ್ಲ. ಅಂಗಿಯ ಬಣ್ಣ, ಎದೆಯ ಪಟ್ಟಿ, ನಿಂತ ಕಲ್ಲು ಮೂರೂ ಸೇರಿ ಹೇಳಿಬಿಡುತ್ತಿದ್ದವು. ನೂರಾರು ಜನ ಹೀಗೆ ನಿಂತರೆ ಮೇಲೆ ಕೂತ ರಾಜನಿಗೆ ಇಡೀ ಸರ್ಕಾರವೇ ಒಂದು ನಕ್ಷೆಯಂತೆ ಕಾಣುತ್ತಿರಬೇಕು. ಟೀಶರ್ಟ್‌ನಲ್ಲಿ ಹೋಗಿದ್ದರೆ ಆ ಕಲ್ಲುಗಳನ್ನು ದಾಟಿಕೊಂಡು ಸುಮ್ನೆ ಮುಂದೆ ಹೋಗುತ್ತಿದ್ದೆವು.

ನನ್ನ ಲಂಗದ ಅಂಚಿನ ಚಿನ್ನದ ಅಚ್ಚು ನೋಡಿ ಗೈಡ್ ಇನ್ನೊಂದು ಮಾತು ಹೇಳಿದರು. ಆಗಿನ ಕಾಲದಲ್ಲಿ ಆ ಅಚ್ಚು ರಾಜಮನೆತನಕ್ಕೆ ಮೀಸಲು. ಸಾಮಾನ್ಯರಿಗೆ ಸಿಕ್ಕಿದರೆ ಮದುವೆಯ ದಿನ ಮಾತ್ರ. ಸುತ್ತ ನೋಡಿದರೆ ಅಂಗಳದ ತುಂಬ ರಾಜಕುಮಾರಿಯರೇ!

ಮೆಟ್ಟಿಲು ಹತ್ತಿ ಜಗಲಿಗೆ ಬಂದರೆ ಮೂಲೆಯಲ್ಲಿ ಕಲ್ಲಿನ ಪ್ರಾಣಿ ಜೋಡಿ, ಜೊತೆಗೆ ಅಂಟಿಕೊಂಡ ಮರಿ. ಇದನ್ನು ಮಿಸ್ ಮಾಡಬೇಡಿ. ಪಕ್ಕದಲ್ಲಿ ದೊಡ್ಡ ಲೋಹದ ಹಂಡೆ. ಅದರಲ್ಲಿ ನೀರು ತುಂಬಿಡುತ್ತಿದ್ದರು. ಬೆಂಕಿಯ ಭೂತ ಬಂದು ನೀರಲ್ಲಿ ತನ್ನ ಮುಖ ತಾನೇ ನೋಡಿ ಹೆದರಿ ಓಡಲಿ ಅಂತ ನಂಬಿಕೆ. ಎಲ್ಲವೂ ಮರದ ಕಟ್ಟಡ, ಹೆದರಿಕೆ ಸಹಜವೇ. ಒಳಗೆ ಹೋಗಲು ಬಿಡುವುದಿಲ್ಲ. ಬಾಗಿಲಿಂದಲೇ ಸಿಂಹಾಸನದ ಹಿಂದಿನ ಸೂರ್ಯ, ಚಂದ್ರ, ಐದು ಬೆಟ್ಟಗಳ ಚಿತ್ರಪರದೆ ನೋಡಿ. ಕತ್ತೆತ್ತಿದರೆ ಸೂರಿನಲ್ಲಿ ಏಳು ಉಗುರಿನ ಡ್ರ್ಯಾಗನ್ ಜೋಡಿ.

ಕೊಳದ ಮೇಲಿನ ಗ್ಯೊಂಗ್‌ಹ್ವೆರು ಮಂಟಪಕ್ಕೆ 48 ಕಲ್ಲುಕಂಬ. ಹೊರಸಾಲು ಚೌಕ, ಒಳಸಾಲು ಗುಂಡು. ಫೋಟೋಗೆ ಜನ ಮುಗಿಬೀಳುವ ಜಾಗ, ನಾವು ಬೇಗ ಮುಂದೆ ಹೋದೆವು. ಅದರ ಪಕ್ಕದ ಕಟ್ಟಡದ ಜಾಗದಲ್ಲೇ ರಾಜ ಸೆಜೊಂಗ್‌ನ ವಿದ್ವಾಂಸರ ಸಭೆ ಇತ್ತಂತೆ. 1443ರಲ್ಲಿ ಹೊಸ ಲಿಪಿ ರೂಪಿಸಿ 1446ರಲ್ಲಿ ಜನರಿಗೆ ಕೊಟ್ಟ ರಾಜ ಅವರು.

ರಾಜ ಮಲಗುತ್ತಿದ್ದ ಗಾಂಗ್‌ನ್ಯೊಂಗ್‌ಜೊನ್ ಮತ್ತು ರಾಣಿಯ ಗ್ಯೋತೆಜೊನ್ ಎರಡಕ್ಕೂ ಮಾಡಿನ ಮೇಲೆ ಬಿಳಿ ಏಣು ಇಲ್ಲ. ಬೇರೆ ದೊಡ್ಡ ಕಟ್ಟಡಗಳಿಗೆಲ್ಲ ಇದೆ. ಆ ಏಣಿಗೆ ಅಲ್ಲಿ ಡ್ರ್ಯಾಗನ್ ಏಣು ಅಂತಲೇ ಹೆಸರು. ರಾಜನೇ ಡ್ರ್ಯಾಗನ್, ಅವನ ಮೇಲೆ ಇನ್ನೊಂದು ಡ್ರ್ಯಾಗನ್ ಯಾಕೆ ಅಂತ ಒಂದು ವಿವರಣೆ. ಈ ಮನೆಗಳಲ್ಲಿ ನೆಲದ ಕೆಳಗೆ ಬೆಂಕಿ ಹಾಕಿ ಬಿಸಿ ಮಾಡುವ ಒಂದೋಲ್ ವ್ಯವಸ್ಥೆ. ಹೊಗೆ ನೆಲದಡಿಯಲ್ಲೇ ಸಾಗಿ ಹಿತ್ತಲಿನ ಚಿಮಣಿಗಳಿಂದ ಹೊರಗೆ ಹೋಗುತ್ತಿತ್ತು. ರಾಣಿಯ ಹಿತ್ತಲಿನಲ್ಲಿ ಮೆಟ್ಟಿಲು ಮೆಟ್ಟಿಲಾದ ತೋಟವಿದೆ. ಅಲ್ಲಿರುವ ಆರು ಮೂಲೆಯ ಇಟ್ಟಿಗೆ ಚಿಮಣಿಗಳ ಮೇಲೆ ಹೂವು, ಪ್ರಾಣಿಗಳ ಉಬ್ಬುಚಿತ್ರ. ಒಂದು ಹೊಗೆಗೂಡಿಗೆ ಇಷ್ಟು ಚಂದ ಮಾಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಉತ್ತರದ ತುದಿಯಲ್ಲಿ ಗೊನ್‌ಛೊಂಗ್‌ಗುಂಗ್. ಬಣ್ಣ ಬಳಿಯದ, ದೊಡ್ಡ ಮನೆತನದವರ ಮನೆಯಂತಿರುವ ಜಾಗ. 1887ರಲ್ಲಿ ಕೊರಿಯಾದ ಮೊದಲ ವಿದ್ಯುತ್ ದೀಪ ಉರಿದದ್ದು ಇಲ್ಲಿ. 1895ರ ಅಕ್ಟೋಬರ್ 8ರಂದು ಜಪಾನಿನ ಹಂತಕರು ರಾಣಿ ಮ್ಯೊಂಗ್‌ಸೊಂಗ್‌ರನ್ನು ಕೊಂದದ್ದೂ ಇಲ್ಲಿಯೇ. ಈಗಿರುವುದು 2007ರ ಹೊತ್ತಿಗೆ ಮತ್ತೆ ಕಟ್ಟಿದ್ದು. ಗೈಡ್ ಇಲ್ಲಿ ಮಾತು ಕಡಿಮೆ ಮಾಡಿದರು. ಬಣ್ಣದ ಲಂಗದಲ್ಲಿ ಅಲ್ಲಿ ನಿಲ್ಲುವುದು ಒಂಥರಾ ಮುಜುಗರ. ನಾವು ಫೋಟೋ ತೆಗೆಯಲಿಲ್ಲ.

ಟೂರ್ ಮುಗಿದ ಮೇಲೆ ಹಳೆಯ ಮನೆಗಳ ಬಡಾವಣೆ ಬುಕ್‌ಛೊನ್ ಕಡೆ ನಡೆದು, ಹನೊಕ್ ಅನ್ನುವ ಸಾಂಪ್ರದಾಯಿಕ ಮನೆಯೊಂದರ ಚಹಾ ಅಂಗಡಿಯಲ್ಲಿ ಕೂತೆವು. ಕುರ್ಚಿ ಇಲ್ಲ, ನೆಲದ ಮೇಲೆ ದಿಂಬು. ಕೂತ ತಕ್ಷಣ ಛಿಮಾ ಸುತ್ತಲೂ ಹರಡಿ ಕಾಲು, ಮಂಡಿ ಎಲ್ಲ ಮುಚ್ಚಿತು. ಒಳಗೆ ಚಕ್ಕಳಮಕ್ಕಳ ಹಾಕಿದರೂ ಒಂದು ಮಂಡಿ ಎತ್ತಿ ಕೂತರೂ ಹೊರಗೆ ತಿಳಿಯುವುದಿಲ್ಲ. ಇಷ್ಟು ಬಟ್ಟೆ ಯಾಕೆ ಅಂತ ಬೆಳಗ್ಗೆಯಿಂದ ಇದ್ದ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ನೆಲದ ಮೇಲೆ ಬದುಕುವವರ ಉಡುಗೆ ಇದು. ಅತ್ತೆ ಓಮಿಜಾ ಅನ್ನುವ ಕೆಂಪು ಹಣ್ಣಿನ ಚಹಾ ಕುಡಿದು, "ಹುಳಿ ಜಾಸ್ತಿ ಆಯ್ತು, ಆದ್ರೂ ಚೆನ್ನಾಗಿದೆ" ಅಂದರು.

ಬುಕ್‌ಛೊನ್‌ನಲ್ಲಿ ಜನ ವಾಸವಿದ್ದಾರೆ, ಅದು ಸೆಟ್ ಅಲ್ಲ. ಹೆಚ್ಚು ಜನ ನುಗ್ಗುವ ಓಣಿಯಲ್ಲಿ ಪ್ರವಾಸಿಗಳಿಗೆ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಪ್ರವೇಶ. 2025ರ ಮಾರ್ಚ್‌ನಿಂದ ಮೀರಿದವರಿಗೆ 1 ಲಕ್ಷ ವೊನ್ ದಂಡವೂ ಇದೆ.

ಒಂದೇ ಅರಮನೆಗೆ ಸಮಯ ಇದ್ದರೆ? ಬಟ್ಟೆ ತೊಟ್ಟು ದರ್ಬಾರಿನ ಲೆಕ್ಕಾಚಾರ ನೋಡಲು ಗ್ಯೊಂಗ್‌ಬೊಕ್‌ಗುಂಗ್. ಹಳೆಯ ಮರ, ಹಳೆಯ ತೋಟ ಬೇಕಾದರೆ 1405ರಲ್ಲಿ ಶುರುವಾದ ಛಾಂಗ್‌ದೊಕ್‌ಗುಂಗ್. ಅದು 1997ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದರ ಹಿಂದಿನ ತೋಟಕ್ಕೆ ಬೇರೆ ಟಿಕೆಟ್, 5,000 ವೊನ್, ಮೊದಲೇ ಬುಕ್ ಮಾಡಿ. ಏರುದಾರಿ ಜಾಸ್ತಿ ಇರುವುದರಿಂದ ಅಲ್ಲಿಗೆ ನಾವು ಮಾಮೂಲಿ ಬಟ್ಟೆಯಲ್ಲೇ ಹೋದೆವು. ಗ್ಯೊಂಗ್‌ಬೊಕ್‌ಗುಂಗ್‌ಗೆ ಮಂಗಳವಾರ ರಜೆ, ಛಾಂಗ್‌ದೊಕ್‌ಗುಂಗ್‌ಗೆ ಸೋಮವಾರ. ಡಿಸೆಂಬರ್, ಜನವರಿಯಲ್ಲಿ ಹೋಗುವವರು ಒಳಗೆ ಥರ್ಮಲ್ ಹಾಕಿಕೊಳ್ಳಿ. ಬಾಡಿಗೆ ಜೊಗೊರಿ ತೆಳು, ಅಲ್ಲಿ ಚಳಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ.