ಆರ್‌ನಲ್ಲಿ ಫಾರ್ ಲೂಪ್ ಬದಲು ಇಫ್‌ಎಲ್ಸ್ ಹಾಕಿ

ಆರ್ (R) ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿರೋರು ತುಂಬಾ ಜನ ವಯಸ್ಸಿನ ಕಾಲಮ್ ನೋಡಿ ಇನ್ನೊಂದು ಕಾಲಮ್ ತುಂಬೋಕೆ ಫಾರ್ ಲೂಪ್ ಹಾಕಿ ಒಳಗೆ ಇಫ್ ಬರೆದು ಒಂದೊಂದೇ ಸಾಲು ಓಡಿಸ್ತಾರೆ, ದಯವಿಟ್ಟು ಅಷ್ಟು ಕಷ್ಟ ಪಡಬೇಡಿ. ಇಫ್‌ಎಲ್ಸ್ (ifelse) ಅನ್ನೋ ಫಂಕ್ಷನ್‌ಗೆ ಮೂರೇ ವಿಷಯ ಕೊಡಿ: ವಯಸ್ಸು 18ಕ್ಕಿಂತ ಕಮ್ಮಿನಾ ಅನ್ನೋ ಕಂಡೀಶನ್, ಹೌದಾದ್ರೆ "ಮಗು", ಇಲ್ಲಾಂದ್ರೆ "ದೊಡ್ಡವರು". ಇಡೀ ಕಾಲಮ್ ಒಂದೇ ಸಲಕ್ಕೆ ತುಂಬತ್ತೆ, ಆಮೇಲೆ ಓದೋರಿಗೂ ಸಲೀಸು.

ಬರೀ ಇಫ್‌ಗೆ ಪೂರ್ತಿ ಕಾಲಮ್ ಕೊಡೋಕೆ ಹೋಗ್ಬೇಡಿ, ಅದು ಒಂದೇ ಒಂದು ಹೌದು-ಇಲ್ಲ ತಗೊಳೋದು, ಹಳೇ ವರ್ಷನ್‌ಗಳಲ್ಲಿ ಮೊದಲನೇದನ್ನ ಮಾತ್ರ ನೋಡಿ ವಾರ್ನಿಂಗ್ ಕೊಡ್ತಿತ್ತು, 2022ರಲ್ಲಿ ಬಂದ 4.2.0 ಇಂದ ನೇರವಾಗಿ ಎರರ್.

ಡೇಟ್ ಕಾಲಮ್ ಇದ್ರೆ ಮಾತ್ರ ಹುಷಾರು. ಇಫ್‌ಎಲ್ಸ್ ಅದನ್ನ ಬರೀ ನಂಬರ್ ಮಾಡಿಬಿಡತ್ತೆ, 2022ರ ಜನವರಿ 8 ಇದ್ದಿದ್ದು 19000 ಅಂತ ಬರತ್ತೆ, ಯಾಕಂದ್ರೆ ಒಳಗೆ 1970ರ ಜನವರಿ 1ರಿಂದ ದಿನ ಎಣಿಸಿರತ್ತೆ. ಅಲ್ಲಿ ಡಿಪ್ಲೈಯರ್ (dplyr) ಅನ್ನೋ ಆರ್ ಪ್ಯಾಕೇಜಿನ ಇಫ್ ಅಂಡರ್‌ಸ್ಕೋರ್ ಎಲ್ಸ್ (if_else) ಹಾಕಿ, ಡೇಟ್ ಡೇಟ್ ಆಗೇ ಉಳಿಯತ್ತೆ.

ಮೂರ್ನಾಲ್ಕು ಗುಂಪು ಬೇಕಾದ್ರೆ ಅದೇ ಪ್ಯಾಕೇಜಿನ ಕೇಸ್ ವೆನ್ (case_when) ಚೆನ್ನಾಗಿದೆ, ಅದ್ರಲ್ಲಿ ಸಾಲಿಗೊಂದು ಕಂಡೀಶನ್ ಬರೀಬಹುದು, ಆದ್ರೆ ಮೇಲಿಂದ ಮೊದಲು ಹೊಂದಿದ ಸಾಲೇ ಗೆಲ್ಲತ್ತೆ. ವಯಸ್ಸು ಖಾಲಿ ಇರೋರು ಕೊನೇ "ಉಳಿದೋರು" ಸಾಲಿಗೆ ಸದ್ದಿಲ್ಲದೆ ಸೇರ್ಕೊಳ್ತಾರೆ, ಅದಕ್ಕೆ ಎನ್‌ಎ (NA, ಅಂದ್ರೆ ಖಾಲಿ ಬೆಲೆ) ಚೆಕ್ ಮೊದಲನೇ ಸಾಲಲ್ಲೇ ಬರೀರಿ.